ಹಗೇವಿನ ಬಾಟಲಿ

ನಮ್ಮ ಗುರುಲಿಂಗಮ್ಮ ಅತ್ತೆಯ ಬಗ್ಗೆ ಊರಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವುದು ಒಂದೇ: ಹುಲಗಪ್ಪನ ಅಂಗಡಿಯ ದಾರೂ ಬಾಟಲಿಗಳನ್ನು ಚರಂಡಿಗೆ ಸುರುವಿದಾಕೆ. ಆಮೇಲೆ ಆಕೆಯ ರೊಟ್ಟಿಯ ಸುದ್ದಿ ಬರುತ್ತದೆ. ಎರಡೂ ಖರೆ. ಆದರೆ ಈ ವರ್ಷದ ಸುಗ್ಗಿಯಲ್ಲಿ ನಡೆದದ್ದನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಒಬ್ಬ ನಿಧಿ ಸಿಕ್ಕಿತು ಅನ್ನುತ್ತಾನೆ, ಇನ್ನೊಬ್ಬ ಮುದುಕಿ ಕುಡಿಯಲು ಕಲಿತಳು ಅನ್ನುತ್ತಾನೆ. ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಗಿದೆ. ಅವತ್ತು ಹಾರೆ ಹಿಡಿದು ಅಲ್ಲಿ ನಿಂತಿದ್ದವನು ನಾನು, ಬಸವಕುಮಾರ, ಆಕೆಯ ಗಂಡ ಅಂದಪ್ಪನ ಅಕ್ಕನ ಮಗ. ನಾನೇ ಹೇಳುತ್ತೇನೆ, ಕೇಳಿ.

ನಮ್ಮದು ಯಲಬುರ್ಗಾ ಕಡೆಯ ಊರು, ಬೇವೂರಿನಿಂದ ದೂರವೇನಿಲ್ಲ. ಜೋಳ, ಕಡಲೆ, ಸಜ್ಜೆ ಬೆಳೆಯುವ ಒಣ ನೆಲ. ಈಗ ಅದರ ನಡುವೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳೂ ಎದ್ದು ನಿಂತಿವೆ, ನಾನು ಅವನ್ನು ಹತ್ತಿ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಹುಲಗಪ್ಪನ ಕಿರಾಣಿ ಅಂಗಡಿಯಲ್ಲಿ ಮುಂದೆ ಸಾಬೂನು, ಹಿಂದೆ ದಾರೂ ಇರುತ್ತಿದ್ದ ಕಾಲವೊಂದಿತ್ತು. ಸಂಘದ ಹೆಣ್ಣುಮಕ್ಕಳೆಲ್ಲ ತಹಸೀಲ್ದಾರರಿಗೆ ಅರ್ಜಿ ಕೊಡೋಣ ಎಂದು ಮಾತಾಡುತ್ತಿದ್ದಾಗ ಅತ್ತೆ ಎದ್ದು ಸೀರೆಯ ನೆರಿಗೆ ಸಿಕ್ಕಿಸಿಕೊಂಡು ನೇರ ಅಂಗಡಿಗೆ ನಡೆದಳು. ಬೆಲ್ಲ ಕೊಡು ಎಂದು ಹುಲಗಪ್ಪನನ್ನು ಒಳಗೆ ಕಳಿಸಿ, ಹಿಂದೆಯೇ ಹೋಗಿ, ಪೆಟ್ಟಿಗೆ ಹೊರಗೆ ಎಳೆದಳು. ಒಂದೊಂದೇ ಬಾಟಲಿಯ ಮುಚ್ಚಳ ತೆಗೆದು ಚರಂಡಿಗೆ ಸುರಿಯುತ್ತಾ ನಿಂತಾಗ ಅಡ್ಡ ಬರುವ ಧೈರ್ಯ ಯಾರಿಗೂ ಆಗಲಿಲ್ಲ. ಹುಲಗಪ್ಪ ಆ ಧಂದೆ ಬಿಟ್ಟ. ಮುಂದೆ ಪಂಚಾಯ್ತಿ ಮೆಂಬರನೂ ಆದ. ಆದರೆ ಅತ್ತೆಯ ಎದುರು ಬಂದರೆ ಇವತ್ತಿಗೂ ರಸ್ತೆಯ ಆ ಬದಿಗೆ ಸರಿಯುತ್ತಾನೆ.

ಅವತ್ತಿನಿಂದ ಅತ್ತೆಯ ಮನೆಗೆ ಒಂದು ಕಾಯ್ದೆ. ದಾರೂ ಅನ್ನುವುದು ಹೊಸ್ತಿಲು ದಾಟಬಾರದು. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. ನಮ್ಮ ಮಾವ ಅಂದಪ್ಪ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಸಾಧು ಮನುಷ್ಯ, ಜೀವಮಾನದಲ್ಲಿ ಎಲೆ ಅಡಿಕೆ ಬಿಟ್ಟು ಬೇರೆ ಚಟ ಅರಿಯದವನು. ಅವನೂ ಸಂತೆಯಿಂದ ಬಂದರೆ ಅತ್ತೆಯ ಮುಂದೆ ಒಮ್ಮೆ ಉಸಿರು ಬಿಟ್ಟು ತೋರಿಸುತ್ತಿದ್ದ. ಅದು ಚೇಷ್ಟೆಗೆ, ಅಂಜಿಕೆಗಲ್ಲ. ಆಕೆ ಸೆರಗಿನಿಂದ ಅವನಿಗೊಂದು ಬಿಡುತ್ತಿದ್ದಳು.

ಇಂಥ ಮನೆಗೆ ಬಂದವನು ಲೂಕ್. ಫ್ಯಾನು ಎಬ್ಬಿಸುವ ಕೆಲಸ ಶುರುವಾದಾಗ ಕಂಪನಿಯವರು ಕಳಿಸಿದ ಫ್ರಾನ್ಸ್ ದೇಶದ ಎಂಜಿನಿಯರ್. ಅವನ ಜೀಪು ಓಡಿಸುತ್ತಿದ್ದವನು ನಾನು. ಕೊಪ್ಪಳದ ಹೋಟೆಲಿನ ಊಟ ಒಗ್ಗದೆ ಹೊಟ್ಟೆ ಹಿಡಿದುಕೊಂಡು ಕೂತಿದ್ದವನನ್ನು ಒಂದು ಮಧ್ಯಾಹ್ನ ಅತ್ತೆಯ ಮನೆಗೆ ಕರೆತಂದೆ. ಬಿಸಿ ರೊಟ್ಟಿ, ಬೆಣ್ಣೆ, ಹೆಸರುಕಾಳಿನ ಪಲ್ಯ. ಅವನು ಉಂಡು ಕೈ ತೊಳೆದು, ನಾಳೆಯೂ ಬರಲೇ ಎಂದು ಕಣ್ಣಲ್ಲೇ ಕೇಳಿದ. ಆಮೇಲೆ ಕೆಲಸ ಮುಗಿಯುವತನಕ ಅವನ ಊಟ ಅಲ್ಲಿಯೇ. ಒಲೆಯ ಮುಂದೆ ಚಕ್ಕಲಪಟ್ಟಿ ಹಾಕಿ ಕೂತು ಕನ್ನಡ ಕಲಿತ. ಊರು ಅವನನ್ನು ಲೂಕಪ್ಪ ಮಾಡಿತು.

ಊರು ಬಿಡುವ ಮುನ್ನ ರಜೆಗೆ ತನ್ನ ದೇಶಕ್ಕೆ ಹೋಗಿ ಬಂದವನು ಅತ್ತೆಯ ಹೊಸ್ತಿಲ ಹೊರಗೇ ನಿಂತುಕೊಂಡ. ಕೈಯಲ್ಲಿ ಕಪ್ಪು ಹಸಿರು ಗಾಜಿನ ಬಾಟಲಿ.

“ಅವ್ವಾ, ಇದು ನಮ್ಮಪ್ಪ ಮಾಡಿದ್ದು,” ಅಂದ.

“ಏನದು?”

“ದ್ರಾಕ್ಷಿ.”

ಅತ್ತೆ ನನ್ನ ಮುಖ ನೋಡಿದಳು. ಆಕೆಯ ಮುಂದೆ ಸುಳ್ಳು ಹೇಳಿ ಬದುಕಿದವರಿಲ್ಲ. ವೈನು ಅಂದರೂ ಅದು ದಾರೂನೇ, ಅತ್ತಿ, ಎಂದು ಹೇಳಿಬಿಟ್ಟೆ. ಆಕೆಯ ಮುಖ ಗಂಟಾಯಿತು. ಆದರೆ ಲೂಕ್ ಬಾಟಲಿ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತನಗೆ ಬರುವ ಕನ್ನಡದಲ್ಲಿ, ಬಾರದ ಕಡೆ ನನ್ನ ಕಡೆ ತಿರುಗಿ, ನಿಧಾನ ಹೇಳಿದ. ಅವರ ಊರು ಬೋರ್ಡೋ ಸೀಮೆಯಲ್ಲಿದೆ. ಕೆಂಪು ವೈನಿಗೆ ಹೆಸರಾದ ಸೀಮೆ. ಅವನಪ್ಪನದು ಸಣ್ಣ ತೋಟ. ಈ ಬಾಟಲಿ ಎರಡು ಸಾವಿರದ ಹನ್ನೆರಡನೆಯ ಇಸವಿಯದು. ಆ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಿತು. ರುಚಿ ನೋಡುವ ದೊಡ್ಡ ಮಂದಿ ಬಂದು, ಇನ್ನೂ ಹಸಿ ಇರುವಾಗಲೇ ಬಾಯಿಗೆ ಹಾಕಿ, ಇದು ಅಷ್ಟಕ್ಕಷ್ಟೆ ಎಂದು ಬರೆದು ಹೋದರು. ಕೊಳ್ಳುವವರು ಅದನ್ನೇ ಹಿಡಿದರು. ಅಪ್ಪ ಮಾತ್ರ ಅನ್ನುತ್ತಿದ್ದನಂತೆ: ಇವರಿಗೆ ಪುರುಸೊತ್ತಿಲ್ಲ. ಬಾಟಲಿ ಹತ್ತು ವರ್ಷ ಮಲಗಲಿ, ಆಮೇಲೆ ಮಾತಾಡಲಿ.

ಅತ್ತೆಯ ಮುಖ ಸ್ವಲ್ಪ ಸಡಿಲವಾಯಿತು. “ಖರೆ ಐತಿ ನಿಮ್ಮಪ್ಪ ಅನ್ನೂದು. ಮಳಿ ಕಮ್ಮಿ ಆದ ವರ್ಷದ ಜೋಳ ನೋಡು, ಕಾಳು ಸಣ್ಣ ಅಂತ ದಲಾಲ್ರು ಮೂಗು ಮುರೀತಾರ. ರೊಟ್ಟಿ ಮಾಡಿ ತಿಂದಾವ್ರಿಗೆ ಗೊತ್ತು ಅದರ ರುಚಿ.”

“ಕತ್ತಲಿ ಇರ್ಬೇಕು, ತಂಪು ಇರ್ಬೇಕು, ಮಲಗ್ಸಿ ಇಡ್ಬೇಕು, ಅಲುಗಾಡಿಸ್ಬಾರ್ದು,” ಎಂದು ಲೂಕ್ ಹೇಳಿದ. “ನಾ ಮತ್ತ ಬರ್ತೀನಿ ಅವ್ವಾ. ಆವಾಗ ತಗಿಯೋಣು.”

ಮನೆಯಲ್ಲಿ ಊಟ ಮಾಡಿದ ಹುಡುಗ, ತನ್ನಪ್ಪನ ಕೈಯದನ್ನು ತಂದುಕೊಟ್ಟಿದ್ದಾನೆ. ಒಲ್ಲೆ ಅನ್ನಲಾಗದು. ಹೊಸ್ತಿಲು ದಾಟಿಸಲೂ ಆಗದು. ಅತ್ತೆ ಬಾಗಿಲಲ್ಲಿ ನಿಂತು ಓಣಿಯತ್ತ ನೋಡಿದಳು, ಮತ್ತೆ ಬಾಟಲಿಯತ್ತ ನೋಡಿದಳು.

“ಹಗೇವಿನಾಗ ಇಡ್ರಿ,” ಅಂದಳು. “ಹಗೇವು ಓಣ್ಯಾಗ ಐತಿ. ಓಣಿ ನನ್ನ ಮನಿ ಅಲ್ಲ.”

ಹಗೇವು ಅಂದರೆ ನೆಲದೊಳಗಿನ ಕಣಜ. ಗಟ್ಟಿ ಗರಸಿನ ನೆಲದಲ್ಲಿ ಆಳಕ್ಕೆ, ಗಡಿಗೆಯ ಆಕಾರದಲ್ಲಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಹಿಂದೆ ಮನೆಗೊಂದು ಇರುತ್ತಿತ್ತು, ಬಾಯಿ ಮಾತ್ರ ಮನೆಯ ಮುಂದಿನ ಓಣಿಯಲ್ಲಿ. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಯಾರಿಗೂ ಬೇಡವಾಗಿದ್ದವು. ಅತ್ತೆಯ ಈ ಹಂಚಿಕೆಗೆ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ತಾನೇ ಇಳಿದು, ಹಳೆಯ ಕಂಬಳಿ ಚೂರಿನಲ್ಲಿ ಬಾಟಲಿ ಸುತ್ತಿ, ತಳದ ಹೊಟ್ಟಿನ ಮೇಲೆ ಕೂಸಿನ ಹಾಗೆ ಮಲಗಿಸಿ ಬಂದ. ಕಲ್ಲು ಮುಚ್ಚಿದೆವು. ಲೂಕ್ ಹೋದ.

ಆಮೇಲೆ ಸಿಸಿ ರಸ್ತೆ ಬಂತು. ಹುಲಗಪ್ಪ ಮೆಂಬರನಾದ ಮೇಲಿನ ಮೊದಲ ಪ್ರತಾಪ ಅದು, ಕೆಲಸದ ಗುತ್ತಿಗೆಯನ್ನೂ ತಾನೇ ಹಿಡಿದಿದ್ದ. ಅತ್ತೆ ಮಾವ ಕಾರಟಗಿಗೆ ಮದುವೆಗೆಂದು ಹೋಗಿದ್ದರು. ತಿರುಗಿ ಬಂದು ನೋಡಿದರೆ ಓಣಿ ತುಂಬ ಸಿಮೆಂಟು, ಹಗೇವಿನ ಬಾಯಿ ಎಲ್ಲಿತ್ತು ಎಂಬುದೇ ತಿಳಿಯದು. ಅತ್ತೆ ಬಾಯಿ ತೆರೆಯುವಂತಿಲ್ಲ. ಏನೆಂದು ತೆರೆಯಬೇಕು? ಊರ ದಾರೂ ಬಿಡಿಸಿದಾಕೆಯ ಹಗೇವಿನಲ್ಲಿ ಬಾಟಲಿ ಇದೆ ಅನ್ನಬೇಕೆ? ನುಂಗಿಕೊಂಡಳು. “ಛಲೋ ಆತು ಬಿಡು, ಇನ್ನ ಯಾರೂ ಕದಿಯಂಗಿಲ್ಲ,” ಎಂದು ಮಾವ ಸಮಾಧಾನ ಹೇಳಿದ. ಆಕೆ ಆ ಜಾಗ ಗುಡಿಸುವಾಗ ಮಾತ್ರ ಕಸಬರಿಗೆ ಒಂದು ಗಳಿಗೆ ನಿಲ್ಲುತ್ತಿತ್ತು. ನಾನು ನೋಡಿದ್ದೇನೆ.

ಈ ವರ್ಷ ಜೋಳದ ರಾಶಿ ನಡೆದಿದ್ದಾಗ ಲೂಕ್‌ನ ಮೆಸೇಜು ಬಂತು. ಫ್ಯಾನಿನ ಕೆಲಸಕ್ಕೆಂದು ಹೈದರಾಬಾದಿಗೆ ಬರುತ್ತಿದ್ದೇನೆ, ಶನಿವಾರ ನಿಮ್ಮೂರಿಗೆ ಬರುತ್ತೇನೆ ಎಂದಿದ್ದ. ಕೆಳಗೆ ಇನ್ನಷ್ಟು ಬರೆದಿದ್ದ. ಅಪ್ಪ ತೀರಿಕೊಂಡ. ಅದಕ್ಕೂ ಮೊದಲೇ, ಕಾಲಿನ ಶಕ್ತಿ ಹೋದಾಗ, ತೋಟ ಮಾರಿದ್ದ. ಆ ಮಳೆ ವರ್ಷದ ವೈನನ್ನು ಯಾರೂ ದೊಡ್ಡದಾಗಿ ಎಣಿಸಲಿಲ್ಲವಲ್ಲ, ಸಿಕ್ಕಷ್ಟಕ್ಕೆ ಕೊಟ್ಟುಬಿಟ್ಟಿದ್ದ. ಮನೆಯೆಲ್ಲ ಹುಡುಕಿದರೂ ಒಂದು ಬಾಟಲಿ ಇಲ್ಲ. ಅಪ್ಪ ಹೇಳಿದ್ದು ಖರೆಯೋ ಸುಳ್ಳೋ ಎಂದು ನೋಡಲು ನನಗೆ ಗೊತ್ತಿರುವ ಮಟ್ಟಿಗೆ ಉಳಿದಿರುವುದು ನಿಮ್ಮಲ್ಲಿರುವುದೊಂದೇ. ಇದೆಯೇ? ಇಲ್ಲದಿದ್ದರೂ ಚಿಂತೆಯಿಲ್ಲ, ಊಟಕ್ಕಂತೂ ಬರುತ್ತೇನೆ.

ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಎದ್ದಿತು. ಆಕೆಯ ಮನೆಯಲ್ಲಿ ರೊಟ್ಟಿ ಸೀದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ತಗೀರಿ ಅದನ್ನ,” ಅಂದಳು.

“ಹೆಂಗ ತಗೀತಿ?” ಮಾವ ಕೇಳಿದ. “ಮ್ಯಾಲ ರಸ್ತೆ ಐತಿ. ಮಂದಿ ನೋಡಿ ಏನಂತಾರ?”

“ಏನರ ಅನ್ಲಿ. ಆ ಹುಡುಗನ ಅಪ್ಪನ ಕೈಯಾಂದು ನಮ್ಮ ಹತ್ರ ಐತಿ. ಮಣ್ಣಾಗ ಇಟ್ಟು ಕುಂತೀವಿ.”

ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ಬಿಸಿಲಿಗೆ ವೈನು ಕೆಟ್ಟು ಹುಳಿಯಾಗುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದನ್ನು ಹೇಳಿದೆ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. ಅತ್ತೆ ಶನಿವಾರದತನಕ ನನ್ನ ಕೂಡ ಸರಿಯಾಗಿ ಮಾತಾಡಲಿಲ್ಲ, ನಾನೇ ಸೂರ್ಯನನ್ನು ಕರೆದುಕೊಂಡು ಬಂದವನ ಹಾಗೆ ನೋಡಿದಳು.

ಶನಿವಾರ ಬೆಳಿಗ್ಗೆ ಮಾವ ಹುಲಗಪ್ಪನ ಹತ್ತಿರ ಹೋಗಿ, ಮನೆ ಮುಂದೆ ಪೈಪು ಸೋರುತ್ತಿದೆ, ಸ್ವಲ್ಪ ಒಡೆಯಬೇಕು ಎಂದ. ಸುಳ್ಳು ಹೇಳುವುದು ಮಾವನಿಗೆ ಬಾರದ ವಿದ್ಯೆ. ಆ ಕಡೆ ಪೈಪೇ ಇಲ್ಲ ಎಂಬುದು ಊರಿಗೆಲ್ಲ ಗೊತ್ತು. ನಾವು ಹಾರೆ ತರುವ ಹೊತ್ತಿಗೆ ಅಂದಪ್ಪನ ಮನೆ ಮುಂದೆ ನಿಧಿ ಇದೆಯಂತೆ ಎಂಬ ಸುದ್ದಿ ಹಬ್ಬಿ, ಓಣಿ ತುಂಬ ಮಂದಿ. ನಮ್ಮ ಜನಕ್ಕೆ ನಿಧಿ ಅಂದರೆ ಸಾಕು, ಉಣ್ಣುವ ತಾಟು ಬಿಟ್ಟು ಬರುತ್ತಾರೆ. ಹುಲಗಪ್ಪ ಮುಂದೆಯೇ ನಿಂತಿದ್ದ. ಕಾಸೀಮಸಾಬನೂ ಬಂದಿದ್ದ. ಅವನು ಪರಸಿ ಕಲ್ಲು ಹಾಸುವ ಕೆಲಸದವನು, ಹರೆಯದಲ್ಲಿ ಊರಿನ ಹಗೇವುಗಳಿಗೆಲ್ಲ ಇಳಿದು ಹತ್ತಿದವನು. ಬಾಯಿ ಎಲ್ಲಿತ್ತು ಎಂದು ಅವನಿಗೆ ಮಾತ್ರ ನೆನಪಿತ್ತು.

“ಸರ್ಕಾರಿ ರಸ್ತೆ ಒಡಿಯಾಕ ಕಾರಣ ಬೇಕು ಅಂದಪ್ಪಣ್ಣ,” ಹುಲಗಪ್ಪ ಅಂದ. “ಪೈಪಿನ ಕಥಿ ಬಿಡು. ಒಳಗ ಏನೈತಿ?”

ಮಾವ ನನ್ನ ಕಡೆ ನೋಡಿದ. ನಾನು ಹಾರೆಯ ತುದಿ ನೋಡುತ್ತಾ ನಿಂತೆ. ಅಷ್ಟರಲ್ಲಿ ಅತ್ತೆ ತಲೆ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದಳು.

“ದಾರೂ ಬಾಟ್ಲಿ ಐತಿ,” ಅಂದಳು, ಓಣಿಯ ಕೊನೆಯವರಿಗೂ ಕೇಳುವ ಹಾಗೆ. “ಇಡ್ಸಿದಾಕಿ ನಾನ. ಇವರಲ್ಲ.”

ಹುಲಗಪ್ಪನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಇಷ್ಟು ವರ್ಷ ರಸ್ತೆಯ ಆ ಬದಿಗೆ ಸರಿದದ್ದೆಲ್ಲ ಒಂದೇ ಸಲಕ್ಕೆ ವಸೂಲಾಯಿತು ಅವನಿಗೆ.

“ಅಲ್ಲ ಯಕ್ಕಾ, ನನ್ನ ಬಾಟ್ಲಿ ಚರಂಡಿಗಿ, ನಿನ್ನ ಬಾಟ್ಲಿ ಹಗೇವಿಗಿ? ಇದ್ಯಾವ ನ್ಯಾಯ?”

ಯಾರೋ ಕಿಸಕ್ಕೆಂದರು. ಅತ್ತೆಯ ಕಿವಿ ಕೆಂಪಾದವು. ಆದರೆ ಕದಲಲಿಲ್ಲ.

“ಅದು ನಂದಲ್ಲ ಹುಲಗಪ್ಪ. ಲೂಕಪ್ಪಂದು. ಅವರಪ್ಪ ಬೆಳೆದು ಮಾಡಿದ್ದು. ಮಳಿ ವರ್ಷದ್ದು ಅಂತ ಯಾರೂ ಹೆಸರು ತಗೀಲಿಲ್ಲ, ಹತ್ತು ವರ್ಷ ಕಾಯ್ರಿ ಅಂದಿದ್ನಂತ ಅವ. ಕಾಯೋದ್ರಾಗ ತಾನ ಹೋದ. ಉಳದದ್ದು ಇದೊಂದ. ಆ ಹುಡುಗ ಈಗ ಬರಾಕತ್ತಾನ. ನಗೋದಿದ್ರ ನಕ್ಕೊಂತ ಒಡಿ. ಚರಂಡಿಗಿ ಸುರುವೋದಿದ್ರ ಅವನ ಮುಂದ ಸುರುವು.”

ಹುಲಗಪ್ಪನ ಅಪ್ಪನೂ ಹೋದ ವರ್ಷವೇ ತೀರಿಕೊಂಡದ್ದು. “ಒಡೀರಿ,” ಅಂದ ಸಣ್ಣ ದನಿಯಲ್ಲಿ.

ನಾನು ಹಾರೆ ಎತ್ತಿ ಮೈಯೆಲ್ಲ ಬಲ ಹಾಕಿ ಹೊಡೆದೆ. ಹಾರೆ ಎಷ್ಟು ಸಲೀಸಾಗಿ ಒಳಗೆ ಹೋಯಿತೆಂದರೆ ನಾನು ಮುಗ್ಗರಿಸಿ ಅದರ ಮೇಲೆಯೇ ಬಿದ್ದೆ. ಸಿಮೆಂಟು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಕಾಸೀಮಸಾಬ ಒಂದು ಚಕ್ಕೆ ಎತ್ತಿ ಬಿಸಿಲಿಗೆ ಹಿಡಿದ.

“ಮೆಂಬರ್ ಸಾಹೇಬ್ರ, ಇದು ರಸ್ತೆನೋ ಹಪ್ಪಳಾನೋ?”

ಈಗ ನಗು ಎದ್ದಿತು ನೋಡಿ. ಅಲ್ಲಿಯತನಕ ಅತ್ತೆಯ ಕಡೆ ತಿರುಗಿದ್ದ ಮುಖಗಳೆಲ್ಲ ಹುಲಗಪ್ಪನ ಕಡೆ ತಿರುಗಿದವು. ಅವನು ಸಿಮೆಂಟು ಕಂಪನಿಯನ್ನು ಬೈದ, ಲಾರಿಯವನನ್ನು ಬೈದ, ಕೊನೆಗೆ ಪಂಚೆ ಎತ್ತಿ ಕಟ್ಟಿಕೊಂಡು ತಾನೇ ಮಣ್ಣು ಬಾಚಲು ನಿಂತ. ಆ ಮಟ್ಟಿಗೆ ಅವನು ಛಲೋ ಮನುಷ್ಯ, ಇಲ್ಲ ಅನ್ನಲಾರೆ.

ಬಾಯಿಯ ಕಲ್ಲು ಸರಿಸಿದೊಡನೆ ಒಳಗಿಂದ ಮುಗ್ಗಿದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಕಾಸೀಮಸಾಬ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ದೀಪ ಫಕ್ಕನೆ ಆರಿತು. ಹಗೇವಿನಲ್ಲಿ ದೀಪ ನಿಲ್ಲದಿದ್ದರೆ ಮನುಷ್ಯನೂ ನಿಲ್ಲಲಾರ. ಬೇವಿನ ಟೊಂಗೆ ಮುರಿದು ತಂದು ಒಳಗಿನ ಗಾಳಿ ಬಡಿದು ಬಡಿದು ಹೊರಗೆ ಹಾಕುತ್ತಾ ಕೂತೆವು. ಅತ್ತೆ ಕಟ್ಟೆಯ ಮೇಲೆ ಕೂತು ಆ ಕರಿ ಬಾಯಿಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಕಾರು ನಿಂತಿತು. ಲೂಕ್ ಇಳಿದ. ತಲೆಗೂದಲು ತೆಳ್ಳಗಾಗಿತ್ತು, ಮೂಗು ಮಾತ್ರ ಹಳೆಯ ಹಾಗೆಯೇ ಬಿಸಿಲಿಗೆ ಕೆಂಪಾಗಿತ್ತು. ಒಡೆದ ರಸ್ತೆ, ನೆರೆದ ಜನ, ಮಣ್ಣು ಮೆತ್ತಿಕೊಂಡ ಮೆಂಬರು, ಎಲ್ಲವನ್ನೂ ನೋಡಿ ಅವನಿಗೆ ಏನೂ ತಿಳಿಯಲಿಲ್ಲ.

“ಐತಪ್ಪ, ಒಳಗ ಐತಿ,” ಅತ್ತೆ ಎದ್ದು ಹೇಳಿದಳು. “ಹೆಂಗೈತೋ ಮಾತ್ರ ಗೊತ್ತಿಲ್ಲ. ನನಗ ಬೈಬ್ಯಾಡ.”

ಎರಡನೆಯ ಸಲ ಇಳಿಬಿಟ್ಟಾಗ ದೀಪ ಆರದೆ ನಿಂತಿತು. ಕಾಸೀಮಸಾಬ ಇಳಿದು, ಕಂಬಳಿ ಗಂಟನ್ನು ಎದೆಗೆ ಹಿಡಿದುಕೊಂಡು ಹತ್ತಿ ಬಂದ. ಬಾಟಲಿಗೆ ಅಂಟಿಸಿದ್ದ ಚೀಟಿಯನ್ನು ಗೆದ್ದಲು ಮುಕ್ಕಾಲು ತಿಂದಿತ್ತು, ಇಸವಿಯ ಅಂಕಿ ಮಾತ್ರ ಉಳಿದಿತ್ತು. ಗಾಜು ಗಟ್ಟಿಯಾಗಿಯೇ ಇತ್ತು. ಲೂಕ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಹೊಸ್ತಿಲ ಕಾಯ್ದೆ ಮರೆಯದೆ, ಓಣಿಯ ಕಲ್ಲಿನ ಮೇಲೆಯೇ ಕೂತ. ಕಿಸೆಯಿಂದ ತಿರುಪು ತೆಗೆದು ಬಿರಡೆಗೆ ಚುಚ್ಚಿದ. ಅರ್ಧ ಬಿರಡೆ ಬಂತು, ಅರ್ಧ ಒಳಗೇ ಮುರಿಯಿತು. ಉಳಿದರ್ಧವನ್ನು ಅವನು ಕಾಲಿನ ಮುಳ್ಳು ಕೀಳುವವನ ಹಾಗೆ ಮೆಲ್ಲಗೆ ಎತ್ತಿ, ಚಹದಂಗಡಿಯಿಂದ ನಾನು ತಂದ ಗ್ಲಾಸಿಗೆ ಸ್ವಲ್ಪ ಬಗ್ಗಿಸಿದ. ತಳಕ್ಕೆ ಕೂತ ಗಸಿ, ಅಂದರೆ ಗಷ್ಟು, ಬಾಟಲಿಯ ಕೆಳಗೇ ಉಳಿಯಿತು. ಬಣ್ಣ ನಡುವೆ ಕಡುಗೆಂಪು, ಅಂಚಿನಲ್ಲಿ ಹಂಚಿನ ಕೆಂಪು. ಮೂಗಿನ ಹತ್ತಿರ ತಂದ. ಕಣ್ಣು ಮುಚ್ಚಿದ. ಆಮೇಲೆ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತಾದರೂ ನುಂಗಲೊಲ್ಲ.

“ಹುಳಿ ಆಗೈತೇನಪ್ಪ?” ಅತ್ತೆ ಕೇಳಿದಳು.

“ಇಲ್ಲ ಅವ್ವಾ,” ಅಂದ. ಮುಖದಲ್ಲಿ ನಗು ತುಂಬಿತ್ತು. “ಜೀವ ಐತಿ. ಭಾಳ ಛಲೋ ಐತಿ. ನಿಮ್ಮ ನೆಲದಾಗ ಸ್ವಲ್ಪ ಬೇಗ ಹಣ್ಣಾಗೈತಿ, ಅಷ್ಟ. ಅಪ್ಪ ಹೇಳಿದ್ದು ಖರೆ.”

ಅತ್ತೆ ನನ್ನ ಕಡೆ ತಿರುಗಿದಳು. “ಕುಮಾರ, ನೀ ಕುಡದು ಹೇಳು. ನನ್ನ ಸಮಾಧಾನಕ್ಕ ಹೇಳಾಕತ್ತಾನೇನ ಇವ. ಢಾಬಾದಾಗ ಕಲ್ತ ವಿದ್ಯಾ ಇವತ್ತರ ಉಪಯೋಗಕ್ಕ ಬರ್ಲಿ.”

ಇಷ್ಟು ವರ್ಷ ಆಕೆಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಮಂದಿ ನಕ್ಕರು, ನಾನು ತಲೆ ಬಗ್ಗಿಸಿ ಗ್ಲಾಸು ಇಸಿದುಕೊಂಡೆ. ಢಾಬಾದ ಬಿಯರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮೊದಲು ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ ತುಸು ಹಿಡಿಯಿತು. ಆಮೇಲೆ ಸಡಿಲಾಗಿ, ಒಣ ಅಂಜೂರದ ಸಿಹಿ, ಅದರ ಹಿಂದೆ ಮೊದಲ ಮಳೆಯ ಮಣ್ಣು, ಹಳೆಯ ಕಂಬಳಿ, ತಂಬಾಕಿನ ಎಲೆ. ನುಂಗಿದ ಮೇಲೂ ಬಾಯಲ್ಲಿ ರುಚಿ ಬಹಳ ಹೊತ್ತು ಕೂತಿತ್ತು. ಹೊಗಳಲು ನನಗೆ ಮಾತು ಸಿಗಲಿಲ್ಲ. “ಖರೇನ ಛಲೋ ಐತಿ ಅತ್ತಿ,” ಎಂದಷ್ಟೇ ಅಂದೆ. ಅತ್ತೆ ಗ್ಲಾಸನ್ನು ದೂರದಿಂದಲೇ ಮೂಸಿ, “ನಮ್ಮ ಹಗೇವಿನ ವಾಸನಿ ಐತಲ್ಲ,” ಎಂದು ಬೆರಗಾದಳು. ಅಪ್ಪನ ನೆಲಮಾಳಿಗೆಯೂ ಹೀಗೇ ನಾರುತ್ತಿತ್ತು ಎಂದು ಲೂಕ್ ಹೇಳಿದ.

ಹುಲಗಪ್ಪ ಗಂಟಲು ಸರಿಮಾಡಿಕೊಂಡು ತಾನೂ ಒಂದು ಹನಿ ನೋಡಲೇ ಎಂದ. ಅತ್ತೆ ಒಮ್ಮೆ ನೋಡಿದಳು. ಅವನು ಮತ್ತೆ ಮಣ್ಣು ಬಾಚತೊಡಗಿದ.

ಲೂಕ್ ಎರಡನೆಯ ಗುಟುಕಿಗೆ ಗ್ಲಾಸು ಎತ್ತಿದವನು ಸುತ್ತ ನೋಡಿ ಇಳಿಸಿದ. ಧೂಳು, ಸಿಮೆಂಟಿನ ಚಕ್ಕೆ, ಬಾಯಿಬಿಟ್ಟು ನಿಂತ ನಾವು. ಅಪ್ಪ ಇದನ್ನು ಒಬ್ಬನೇ ಎಂದೂ ಕುಡಿಯುತ್ತಿರಲಿಲ್ಲ, ಊಟದ ಜೊತೆಗೇ ಅವನಿಗೆ ಇದು ಸೇರುತ್ತಿತ್ತು ಎಂದು ಮೆಲ್ಲಗೆ ಹೇಳಿದ.

“ಊಟದಾಗ ಇದು ಸೇರ್ತಿತ್ತೇನು ಅವ್ರಿಗೆ?” ಅತ್ತೆ ಕೇಳಿದಳು.

“ಹೂಂ ಅವ್ವಾ. ದಿನಾ.”

ಆಕೆ ಬಗ್ಗಿ, ಅವನ ಪಕ್ಕದಿಂದ ಬಾಟಲಿಯನ್ನು ತಾನೇ ಎತ್ತಿಕೊಂಡಳು. ಸೆರಗಿನಿಂದ ಅದರ ಮಣ್ಣು ಒರೆಸಿದಳು. “ಏಳು, ಒಳಗ ಬಾ,” ಎಂದವಳೇ, ಇಡೀ ಓಣಿ ನೋಡುತ್ತಿರುವಂತೆಯೇ, ಬಾಟಲಿ ಹಿಡಿದು ಹೊಸ್ತಿಲು ದಾಟಿದಳು. ಮಾವ ನನ್ನ ರಟ್ಟೆ ಹಿಡಿದುಕೊಂಡ.

ನಮ್ಮಲ್ಲಿ ಸತ್ತವರಿಗೆ ಎಡೆ ಹಿಡಿಯುತ್ತಾರೆ. ಅವರಿಗೆ ಏನು ಸೇರುತ್ತಿತ್ತೋ ಅದನ್ನು ಮಾಡಿ, ಮೊದಲು ಅವರ ಹೆಸರಿಗೆ ಬಡಿಸಿ, ಆಮೇಲೆ ಉಳಿದವರ ಊಟ. ಅತ್ತೆ ನಡುಮನೆಯಲ್ಲಿ ನೆಲ ಸಾರಿಸಿ, ಮಣೆಯ ಮುಂದೆ ತಾಟು ಇಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಬಡಿಸಿದಳು. ಪಕ್ಕದಲ್ಲಿ ತನ್ನ ಮನೆಯ ತಂಬಿಗೆ ಲೋಟಗಳಲ್ಲೇ ಒಳ್ಳೆಯದನ್ನು ಆರಿಸಿ ಇಟ್ಟು, ಗಷ್ಟು ಬೀಳದ ಹಾಗೆ ಹುಷಾರಾಗಿ, ಬಾಟಲಿ ಬಗ್ಗಿಸಿ ವೈನು ತುಂಬಿದಳು. ಚರಂಡಿಗೆ ಸುರುವಿದ ಕೈ ಅದೇ.

“ನಿಮ್ಮಪ್ಪನ ಹೆಸರೇನಪ್ಪ?”

“ಮಾರ್ಸೆಲ್.”

ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದಳು.

“ಮಾರ್ಸೆಲಪ್ಪಾರ, ಬರ್ರಿ, ಊಟಕ್ಕ ಏಳ್ರಿ,” ಅಂದಳು. “ನೀವು ಅಂದದ್ದು ಖರೆ ಆತ್ರಿ. ಮಗಾ ಬಂದಾನ, ನೋಡ್ರಿ.”

ಲೂಕ್ ಮಾವನ ಪಕ್ಕದಲ್ಲಿ ಚಕ್ಕಲಪಟ್ಟಿ ಹಾಕಿ ಕೂತು ಮುಖ ಒರೆಸಿಕೊಂಡ. ಅತ್ತೆ ಅವನ ತಾಟಿಗೆ ರೊಟ್ಟಿ ಹಾಕಿದಳು.